ಹೊಸ ಹೆಡ್‌ಲೈಟ್, ಫಾಗ್ ಲೈಟ್ ಹಾಕಿಸಿದ ಮೇಲೆ ಕೈಕೊಟ್ಟರೆ: ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯಲು ಹೊರಟಾಗ ಸಂಜೆ ಏಳು ಗಂಟೆ. ಜುಲೈ ತಿಂಗಳು, ಮಂಜು ಬಾನೆಟ್ ಮೇಲೆಯೇ ಬಂದು ಕೂತಿತ್ತು. ಹಿಂದಿನ ವಾರವಷ್ಟೇ ಹಾಕಿಸಿದ್ದ ಫಾಗ್ ಲೈಟಿನ ಸ್ವಿಚ್ ಒತ್ತಿದೆ. ಫಾಗ್ ಲೈಟ್ ಹತ್ತಿತು, ಆದರೆ ಎಡಗಡೆ ಹೆಡ್‌ಲೈಟ್ ಮಂಕಾಯಿತು. ಎಡಕ್ಕೆ ಇಂಡಿಕೇಟರ್ ಹಾಕಿದರೆ ಆ ಕಡೆಯ ಫಾಗ್ ಲೈಟೂ ಅದರ ತಾಳಕ್ಕೆ ಏರಿ ಇಳಿಯತೊಡಗಿತು. ದುಡ್ಡು ಕೊಟ್ಟು ನಾಲ್ಕು ಲೈಟು ಮಾಡಿಸಿಕೊಂಡವನು ರಸ್ತೆಯಂಚಿನ ಬಿಳಿ ಗೆರೆ ಹುಡುಕುತ್ತಾ ಉಜಿರೆ ಮುಟ್ಟಿದೆ.

ಮರುದಿನ ಹಾಕಿದ ಅಂಗಡಿಗೆ ಫೋನ್ ಮಾಡಿದರೆ "ಬಲ್ಬ್ ಚೇಂಜ್ ಮಾಡೋಣ ಸಾರ್, ಗಾಡಿ ತನ್ನಿ" ಅಂದರು. ಬಲ್ಬ್ ಚೆನ್ನಾಗಿಯೇ ಇತ್ತು. ದೋಷ ಇದ್ದದ್ದು ಒಂದು ಸ್ಕ್ರೂ ಕೆಳಗಿನ ಪೇಂಟಿನಲ್ಲಿ. ಆಮೇಲೆ ಗೆಳೆಯರ, ನೆಂಟರ ಗಾಡಿಗಳನ್ನೂ ನೋಡಿದ್ದೇನೆ. ಲೈಟಿನ ತಕರಾರು ಅಂತ ಬಂದ ಹೆಚ್ಚಿನವುಗಳಲ್ಲಿ ಲೈಟಿನ ತಪ್ಪು ಇರಲೇ ಇಲ್ಲ. ಕರೆಂಟ್ ಹೋಗುವ ದಾರಿ ಅಥವಾ ಬಾಡಿಯ ತಗಡಿನ ಮೂಲಕ ಬ್ಯಾಟರಿ ಮೈನಸ್‌ಗೆ ವಾಪಸ್ ಬರುವ ದಾರಿ, ಅಂದರೆ ಅರ್ಥಿಂಗ್, ಕೆಟ್ಟಿತ್ತು. ವಾಪಸ್ ಬರುವ ದಾರಿಯನ್ನು ಯಾರೂ ನೋಡುವುದಿಲ್ಲ, ಅದೇ ಕತೆ.

ಇಲ್ಲಿ ಬರೆದಿರುವುದು 12 ವೋಲ್ಟಿನ, ಎಚ್4 ಬಲ್ಬಿನ (ಡಿಮ್, ಬ್ರೈಟ್ ಎರಡೂ ಒಂದೇ ಬಲ್ಬಿನಲ್ಲಿ) ಹೆಡ್‌ಲೈಟ್ ಇರುವ ಸಾಮಾನ್ಯ ಕಾರುಗಳಿಗೆ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್) ಇರುವ ವೈರಿಂಗ್ ಕಿಟ್ ಹಾಕಿ, ಬಂಪರಿನಲ್ಲಿ ಫಾಗ್ ಲೈಟ್ ಕೂರಿಸಿರುತ್ತಾರಲ್ಲ, ಅಂಥವು. ಕಂಪನಿಯಿಂದಲೇ ಎಲ್‌ಇಡಿ ಹೆಡ್‌ಲೈಟ್ ಬಂದಿದ್ದು, ಅದನ್ನು ಕಂಪ್ಯೂಟರ್ ನಡೆಸುತ್ತಿದ್ದರೆ ಅದರ ವೈರು ಕತ್ತರಿಸಲು ಹೋಗಬೇಡಿ.

ಕೈಗೆ ಬೇಕಾದ್ದು

ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್. 10 ನಂಬರ್ ಸ್ಪ್ಯಾನರ್, ಸ್ಕ್ರೂಡ್ರೈವರ್, ಒಂದು ತುಂಡು ಉಪ್ಪುಕಾಗದ, ನಾಲ್ಕಾರು ಫ್ಯೂಸ್. ಜೊತೆಗೆ ಒಂದು ಟೆಸ್ಟ್ ಲ್ಯಾಂಪ್. ಅಂಗಡಿಯ ಪೆನ್ನಿನಂಥದ್ದು ಬೇಡ. ಹಳೇ ಇಂಡಿಕೇಟರ್ ಬಲ್ಬ್, 21 ವ್ಯಾಟಿನದು, ಅದಕ್ಕೆ ಎರಡು ವೈರು ಬೆಸುಗೆ ಹಾಕಿಕೊಳ್ಳಿ. ಯಾಕೆಂದರೆ ಮೀಟರ್ ಒಂದೇ ನಂಬಿದರೆ ಮೋಸ ಹೋಗುತ್ತೀರಿ. ವೈರಿನೊಳಗೆ ಕಿಲುಬು ಹಿಡಿದ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಅದು ಎಳೆಯುವ ಕರೆಂಟ್ ಅಷ್ಟು ಕಡಿಮೆ. ಅದೇ ವೈರಿಗೆ 21 ವ್ಯಾಟಿನ ಬಲ್ಬ್ ಮುಟ್ಟಿಸಿ ನೋಡಿ, ಮಿಣುಕಿ ಸುಮ್ಮನಾಗುತ್ತದೆ.

ವೈರು ಬಿಚ್ಚುವ, ಜೋಡಿಸುವ ಕೆಲಸಕ್ಕೆ ಮೊದಲು ಬ್ಯಾಟರಿಯ ಮೈನಸ್ ತೆಗೆಯಿರಿ. ಹಳದಿ ಕೊಳವೆಯಲ್ಲಿ ಬಂದ ವೈರು ಏರ್‌ಬ್ಯಾಗಿನದು, ಅದರ ಹತ್ತಿರ ಸೂಜಿಯೂ ಬೇಡ, ಟೆಸ್ಟ್ ಲ್ಯಾಂಪೂ ಬೇಡ. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಹಿಡಿಯಬೇಡಿ. ಬೆರಳಿನ ಜಿಡ್ಡು ಅಂಟಿದ ಜಾಗ ಕಾದು ಬಲ್ಬ್ ಬೇಗ ಹೋಗುತ್ತದೆ.

ಬೆಳಕು ಮಂಕು, ಅಥವಾ ಒಂದು ಲೈಟ್ ಹಾಕಿದರೆ ಇನ್ನೊಂದು ಕುಗ್ಗುತ್ತದೆ

ಇದಕ್ಕೆ ನಾಲ್ಕು ಅಳತೆ ಸಾಕು. ಗಾಡಿ ಬಯಲಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಓಡುತ್ತಿರಲಿ. ತಕರಾರು ಕಾಣಿಸುವಾಗ ಯಾವ ಯಾವ ಲೈಟ್ ಉರಿಯುತ್ತಿತ್ತೋ ಅವಿಷ್ಟೂ ಉರಿಯುತ್ತಿರಬೇಕು. ಲೈಟ್ ಆಫ್ ಮಾಡಿ ಅಳೆದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಮೊದಲ ಅಳತೆ ಬ್ಯಾಟರಿಯ ಎರಡು ತುದಿಗಳ ನಡುವೆ. 13.8ರಿಂದ 14.4 ವೋಲ್ಟ್ ಇರಬೇಕು. 13ಕ್ಕಿಂತ ಕೆಳಗಿದ್ದರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಿ, ಲೈಟಿನ ಮಾತು ಆಮೇಲೆ. ಎರಡನೆಯದು ಉರಿಯುತ್ತಿರುವ ಬಲ್ಬಿನ ಹೋಲ್ಡರ್ ಹಿಂದೆ, ಪ್ಲಸ್ ಮತ್ತು ಅರ್ಥಿಂಗ್ ನಡುವೆ. ಮೂರನೆಯದು ಬ್ಯಾಟರಿ ಪ್ಲಸ್‌ನಿಂದ ಅದೇ ಬಲ್ಬಿನ ಪ್ಲಸ್‌ವರೆಗೆ. ನಾಲ್ಕನೆಯದು ಬಲ್ಬಿನ ಅರ್ಥಿಂಗ್ ಪಿನ್ನಿನಿಂದ ಬ್ಯಾಟರಿ ಮೈನಸ್‌ವರೆಗೆ. ಕೊನೆಯ ಎರಡು ಅಳತೆ ಸೊನ್ನೆಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು, ಯಾಕೆಂದರೆ ಅದು ದಾರಿಯಲ್ಲಿ ಸೋರಿಹೋದ ವೋಲ್ಟ್.

ನನ್ನ ಗಾಡಿಯಲ್ಲಿ ಸಿಕ್ಕಿದ್ದು: ಬ್ಯಾಟರಿಯಲ್ಲಿ 14.0, ಎಡಗಡೆ ಬಲ್ಬಿನಲ್ಲಿ 11.6. ನಡುವೆ 2.4 ವೋಲ್ಟ್ ಮಾಯ. ಪ್ಲಸ್ ದಾರಿಯಲ್ಲಿ 0.5, ಅರ್ಥಿಂಗ್ ದಾರಿಯಲ್ಲಿ 1.9. ಎರಡನ್ನೂ ಕೂಡಿದರೆ ಸರಿಯಾಗಿ 2.4. ಹೀಗೆ ಲೆಕ್ಕ ತಾಳೆಯಾದರೆ ಅಳತೆ ಸರಿ ಅಂತ ಅರ್ಥ, ಆಗದಿದ್ದರೆ ಮೀಟರಿನ ಕಡ್ಡಿ ಎಲ್ಲೋ ಸರಿಯಾಗಿ ಮುಟ್ಟಿಲ್ಲ.

2.4 ವೋಲ್ಟ್ ತಾನೇ ಅಂತ ಬಿಡಬೇಡಿ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟಿಗಿಂತ ಬಹಳ ವೇಗವಾಗಿ ಇಳಿಯುತ್ತದೆ. ವೋಲ್ಟ್ 10% ಕಡಿಮೆಯಾದರೆ ಬೆಳಕು ಸುಮಾರು 30% ಹೋಗುತ್ತದೆ. 14ರ ಜಾಗದಲ್ಲಿ 11.6 ಸಿಕ್ಕರೆ ಹೆಚ್ಚುಕಡಿಮೆ ಅರ್ಧ ಬೆಳಕು. ಚಾರ್ಮಾಡಿಯಲ್ಲಿ ನನಗೆ ಕಾಣದಿದ್ದ ಆ ಬಿಳಿ ಗೆರೆ ಈ ಅರ್ಧದಲ್ಲೇ ಕಳೆದುಹೋಗಿದ್ದು.

ಪ್ಲಸ್ ಕಡೆ, ಅರ್ಥಿಂಗ್ ಕಡೆ ತಲಾ 0.5 ವೋಲ್ಟ್ ಒಳಗಿದ್ದರೆ ಸಹಿಸಿಕೊಳ್ಳಬಹುದು. ಅಚ್ಚುಕಟ್ಟಾಗಿ ಕೆಲಸ ಮಾಡಿದ್ದರೆ 0.2, 0.3 ಬರುತ್ತದೆ.

ಅರ್ಥಿಂಗ್ ಕಡೆ ಜಾಸ್ತಿ ಬಂದರೆ ಅರ್ಥಿಂಗ್ ವೈರನ್ನು ಬೆರಳಿನಲ್ಲಿ ಹಿಡಿದು ಕೊನೆಯವರೆಗೆ ಹೋಗಿ. ನನ್ನದು ಹೆಡ್‌ಲೈಟಿನ ಕೆಳಗಿನ ತಗಡಿಗೆ ಹೋಗಿ ನಿಂತಿತು. ಅಲ್ಲಿ ಹೊಸ ಫಾಗ್ ಲೈಟಿನದು, ಹೆಡ್‌ಲೈಟಿನದು, ಇಂಡಿಕೇಟರಿನದು, ಮೂರೂ ಲಗ್ಗುಗಳು (ವೈರಿನ ತುದಿಯ ಲೋಹದ ಬಳೆಗಳು) ಒಂದೇ ಸ್ಕ್ರೂಗೆ. ಕಂಪನಿಯವರ ಬೋಲ್ಟ್ ತೆಗೆದು, ಪೇಂಟಿನ ಮೇಲೆಯೇ ಲಗ್ಗುಗಳನ್ನಿಟ್ಟು, ತಗಡು ಕೊರೆಯುವ ಸ್ಕ್ರೂ ಹೊಡೆದಿದ್ದರು. ಸ್ಕ್ರೂವಿನ ಹಲ್ಲುಗಳಷ್ಟೇ ತಗಡನ್ನು ಮುಟ್ಟುತ್ತಿದ್ದವು. ಹತ್ತು ನಿಮಿಷ ಲೈಟ್ ಉರಿಸಿ ಸ್ಕ್ರೂ ಮುಟ್ಟಿದೆ, ಕೈ ಸುಟ್ಟಿತು. ಕಳೆದುಹೋದ ವೋಲ್ಟ್ ಅಲ್ಲಿ ಬಿಸಿಯಾಗಿ ಕೂತಿತ್ತು.

ಇಂಡಿಕೇಟರಿನ ತಾಳಕ್ಕೆ ಫಾಗ್ ಲೈಟ್ ಕುಣಿದದ್ದೂ ಇದೇ ಕಾರಣಕ್ಕೆ. ಮೂರು ಲೈಟಿನ ಕರೆಂಟೂ ಇಕ್ಕಟ್ಟಾದ ಒಂದೇ ಬಾಗಿಲಲ್ಲಿ ನುಗ್ಗಬೇಕು, ಒಂದು ಬಂದಾಗ ಇನ್ನೊಂದು ಕುಗ್ಗುತ್ತದೆ. ಇನ್ನೂ ಕೆಟ್ಟರೆ ಕರೆಂಟ್ ಬೇರೆ ಬಲ್ಬಿನೊಳಗೆ ಹಿಮ್ಮುಖವಾಗಿ ಹೊಕ್ಕು ಅರ್ಥಿಂಗ್ ಹುಡುಕುತ್ತದೆ. ಬ್ರೈಟ್ ಹಾಕಿದರೆ ಪಾರ್ಕಿಂಗ್ ಲೈಟ್ ಮಿಣುಕುವುದು, ಮೀಟರ್ ಬೋರ್ಡಿನಲ್ಲಿ ಸಂಬಂಧವಿಲ್ಲದ ದೀಪ ಹತ್ತುವುದು, ಇಂಥ ದೆವ್ವದ ಚೇಷ್ಟೆ ಕಂಡರೆ ಕಣ್ಣುಮುಚ್ಚಿ ಅರ್ಥಿಂಗ್ ನೋಡಿ.

ರಿಪೇರಿ ಸುಲಭ. ಸ್ಕ್ರೂ ತೆಗೆದು ಆ ಜಾಗದ ಪೇಂಟನ್ನು ರೂಪಾಯಿ ಅಗಲಕ್ಕೆ ಉಪ್ಪುಕಾಗದದಲ್ಲಿ ಉಜ್ಜಿ, ತಗಡು ಬೆಳ್ಳಗೆ ಹೊಳೆಯಬೇಕು. ಲಗ್ಗಿನಲ್ಲಿ ಹಸಿರು ಕಿಲುಬು ಇದ್ದರೆ ಅದನ್ನೂ ಉಜ್ಜಿ. ನಟ್ಟು ಬೋಲ್ಟ್ ಹಾಕಿ, ಹಲ್ಲಿನ ವಾಷರ್ ಕೊಟ್ಟು ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಬಳಿಯಿರಿ. ಬಳಿಯದೆ ಬಿಟ್ಟರೆ ಉಜ್ಜಿದ ತಗಡು ಮಲೆನಾಡಿನ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಫಾಗ್ ಲೈಟಿನ ಅರ್ಥಿಂಗನ್ನು ಬೇರೆ ಬೋಲ್ಟಿಗೆ ಕೊಡಿ, ಬ್ಯಾಟರಿ ಮೈನಸ್‌ಗೇ ಎಳೆದರೆ ಇನ್ನೂ ಚೆನ್ನ. ಇಷ್ಟು ಮಾಡಿದ ಮೇಲೆ ನನ್ನ ನಾಲ್ಕನೇ ಅಳತೆ 1.9ರಿಂದ 0.1ಕ್ಕೆ ಇಳಿಯಿತು. ಬಲ್ಬಿನಲ್ಲಿ 13.4.

ಪ್ಲಸ್ ಕಡೆ ಜಾಸ್ತಿ ಬಂದರೆ ಮೂರು ಶಂಕಿತರು: ಬಡಕಲು ವೈರು, ಸುಟ್ಟ ಹೋಲ್ಡರ್, ರಿಲೇ ಒಳಗಿನ ಸವೆದ ಪಾಯಿಂಟ್. ಅಗ್ಗದ ಕಿಟ್‌ಗಳ ವೈರು ಹೊರಗಿನಿಂದ ದಪ್ಪಗೆ ಕಾಣುತ್ತದೆ, ಸಿಪ್ಪೆ ಸುಲಿದರೆ ಒಳಗೆ ಕೂದಲಿನಂಥ ನಾಲ್ಕು ಎಳೆ. ಬ್ಲೇಡಿನಿಂದ ಒಂದು ಎಳೆಯನ್ನು ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರದ ಲೇಪ ಹಾಕಿದ ಅಲ್ಯುಮಿನಿಯಂ. 55 ವ್ಯಾಟಿನ ಎರಡು ಫಾಗ್ ಲೈಟ್ ಅಂದರೆ 9 ಆಂಪಿಯರ್ ಮೇಲೆ. ಅದಕ್ಕೆ 2.5 ಚದರ ಮಿಲಿಮೀಟರಿನ ಒಳ್ಳೆ ತಾಮ್ರದ ವೈರು ಹಾಕಿದರೆ ಚಿಂತೆಯಿಲ್ಲ. ಹೋಲ್ಡರ್ ಕಿತ್ತಾಗ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗಿದ್ದರೆ, 60/55 ವ್ಯಾಟಿನ (ಬ್ರೈಟ್ 60, ಡಿಮ್ 55) ಜಾಗದಲ್ಲಿ 100/90 ಕೂರಿಸಿದ್ದಾರಾ ನೋಡಿ. ರಸ್ತೆಗೆ ಒಪ್ಪಿತವಾದ ಎಚ್4 ಬಲ್ಬ್ 60/55 ಮಾತ್ರ. ನನ್ನ ಮಾತು ಕೇಳುವುದಾದರೆ, ದೊಡ್ಡ ಬಲ್ಬ್ ಬೇಡ. ಇರುವ ಬಲ್ಬಿಗೆ ಪೂರ್ತಿ ವೋಲ್ಟ್ ತಲುಪಿಸಿ, ಅಷ್ಟಕ್ಕೇ ಆಶ್ಚರ್ಯವಾಗುತ್ತದೆ.

ಸ್ವಿಚ್ ಒತ್ತಿದರೂ ಲೈಟ್ ಹತ್ತುವುದಿಲ್ಲ

ಬಾನೆಟ್ ಎತ್ತಿ, ರಿಲೇ ಮೇಲೆ ಬೆರಳಿಟ್ಟು, ಒಳಗಿನವರಿಗೆ ಸ್ವಿಚ್ ಒತ್ತಲು ಹೇಳಿ. 'ಟಕ್' ಅಂತ ಬೆರಳಿಗೆ ತಾಗಿತಾ? ರಿಲೇಯಲ್ಲಿ 85, 86 ಎಂಬ ಕಾಲುಗಳು ಒಳಗಿನ ಪಾಯಿಂಟನ್ನು ಎಳೆಯುವ ಕಾಯಿಲಿನವು (ಸುರುಳಿ). 30 ಬ್ಯಾಟರಿಯಿಂದ ಬರುವುದು, 87 ಲೈಟಿಗೆ ಹೋಗುವುದು. ಟಕ್ ಅಂದರೂ ಲೈಟಿಲ್ಲ ಅಂದರೆ ತಕರಾರು 30, 87ರ ದಾರಿಯಲ್ಲಿ: ಫ್ಯೂಸ್, ವೈರು, ಅರ್ಥಿಂಗ್. ಟಕ್ ಅನ್ನಲೇ ಇಲ್ಲ ಅಂದರೆ 85, 86ರ ಕಡೆ: ಸ್ವಿಚ್, ಸ್ವಿಚ್ಚಿಗೆ ಬರುವ ಕರೆಂಟ್, ಕಾಯಿಲಿನ ಅರ್ಥಿಂಗ್. ಹೀಗೆ ಒಂದು ಬೆರಳಿನಲ್ಲಿ ಅರ್ಧ ವೈರಿಂಗನ್ನು ಲೆಕ್ಕದಿಂದ ಬಿಡಬಹುದು.

ಸ್ವಿಚ್ ಆಫ್ ಮಾಡಿದರೆ ಉರಿಯುತ್ತದೆ, ಆನ್ ಮಾಡಿದರೆ ಆರುತ್ತದೆ ಅನ್ನುವುದೂ ಉಂಟು. ನಗಬೇಡಿ, ನಾನೇ ಒಮ್ಮೆ ಮಾಡಿದ್ದೇನೆ. ಐದು ಕಾಲಿನ ರಿಲೇಯಲ್ಲಿ ನಡುವಿನ 87ಎ ಕಾಲಿಗೆ ಲೈಟಿನ ವೈರು ಹಾಕಿದರೆ ಹೀಗಾಗುತ್ತದೆ. ರಿಲೇ ಟಕಟಕ ಅಂತ ಒಂದೇ ಸಮನೆ ಬಡಿದುಕೊಳ್ಳುತ್ತಿದ್ದರೆ ಕಾಯಿಲಿಗೆ ಬರುವ ಕರೆಂಟ್ ಸಮನಾಗಿಲ್ಲ. ಕೆಲವು ಗಾಡಿಗಳಲ್ಲಿ ಹಗಲಿನ ದೀಪವಾಗಿ ಬ್ರೈಟ್ ಬಲ್ಬನ್ನೇ ಕಡಿಮೆ ಬೆಳಕಿನಲ್ಲಿ ಉರಿಸಲು ಕರೆಂಟನ್ನು ತುಂಡು ತುಂಡಾಗಿ ಕಳಿಸುತ್ತಾರೆ. ಅದರಿಂದ ರಿಲೇ ಎಳೆಸಿದರೆ ಬಡಿಯದೆ ಇನ್ನೇನು ಮಾಡೀತು.

ಹೆಡ್‌ಲೈಟ್ ಕಿಟ್ ಹಾಕಿದ ಮೇಲೆ ಒಂದು ರಿಲೇಯೂ ಟಕ್ ಅನ್ನದಿದ್ದರೆ ಇನ್ನೊಂದು ಸಾಧ್ಯತೆ ಇದೆ. ಜಪಾನ್ ಕಂಪನಿಗಳ ಕೆಲವು ಗಾಡಿಗಳಲ್ಲಿ ಸ್ವಿಚ್ ಪ್ಲಸ್ ಕಡೆ ಇರುವುದಿಲ್ಲ, ಅರ್ಥಿಂಗ್ ಕಡೆ ಇರುತ್ತದೆ. ಎರಡೂ ಬಲ್ಬಿನ ಸಾಕೆಟ್ ಕಿತ್ತು, ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬ್ಯಾಟರಿ ಮೈನಸ್‌ಗೆ ಕೊಟ್ಟು, ಇನ್ನೊಂದರಿಂದ ಸಾಕೆಟ್ಟಿನ ಮೂರೂ ಪಿನ್ ಮುಟ್ಟಿ ನೋಡಿ. ಡಿಮ್‌ನಿಂದ ಬ್ರೈಟ್‌ಗೆ ಹಾಕಿದಾಗ ಕರೆಂಟ್ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಜಿಗಿದರೆ ಮಾಮೂಲಿ ಗಾಡಿ. ಎರಡರಲ್ಲೂ ಅದೇ ಪಿನ್ನಿನಲ್ಲಿ ನಿಂತಿದ್ದರೆ ಅರ್ಥಿಂಗ್ ಕಡೆ ಸ್ವಿಚ್. ಅದಕ್ಕೆ ಸಾದಾ ಕಿಟ್ ಆಗದು. ಕಾಯಿಲಿನ ಇನ್ನೊಂದು ತುದಿಯನ್ನು ಬಾಡಿಯ ಬದಲು ಆ ಪ್ಲಸ್ ಪಿನ್ನಿಗೆ ಕೊಡಬೇಕು.

ಫ್ಯೂಸ್ ಹೋಗುತ್ತಲೇ ಇದೆ

ಯಾವಾಗ ಹೋಗುತ್ತದೆ ಅನ್ನುವುದರಲ್ಲೇ ಉತ್ತರವಿದೆ. ಸ್ವಿಚ್ ಹಾಕಿದ ಕ್ಷಣವೇ ಹೋದರೆ ನೇರ ಶಾರ್ಟ್. ಐದು ಹತ್ತು ನಿಮಿಷ ಉರಿದು ಹೋದರೆ ಬಲ್ಬಿನ ವ್ಯಾಟ್ ಜಾಸ್ತಿ. ನೂರು ವ್ಯಾಟಿನ ಜೋಡಿ 17 ಆಂಪಿಯರ್ ಎಳೆಯುತ್ತದೆ, 15ರ ನೀಲಿ ಫ್ಯೂಸ್ ಎಷ್ಟು ಹೊತ್ತು ತಡೆದೀತು? ರಸ್ತೆ ಉಬ್ಬು ಹಾರಿದಾಗ ಮಾತ್ರ ಹೋದರೆ ವೈರು ಎಲ್ಲೋ ತಗಡಿನ ಅಂಚಿಗೆ ಉಜ್ಜಿ ಸಿಪ್ಪೆ ಸವೆದಿದೆ. ಬಂಪರ್ ಹಿಂದಿನ ಕಬ್ಬಿಣದ ಪಟ್ಟಿ, ರೇಡಿಯೇಟರ್ ಫ್ಯಾನಿನ ಪಕ್ಕ, ಡ್ಯಾಶ್‌ಬೋರ್ಡಿಗೆ ಹೋಗುವ ತೂತು, ಈ ಮೂರು ಜಾಗ ಮೊದಲು ನೋಡಿ. ತೂತಿನಲ್ಲಿ ರಬ್ಬರ್ ಬುಷ್ ಇಲ್ಲದಿದ್ದರೆ ಇವತ್ತಲ್ಲ ನಾಳೆ ಅಲ್ಲೇ ಶಾರ್ಟ್. ಅಡಿಕೆ ತೋಟದ ಮನೆಗಳಲ್ಲಿ ನಿಲ್ಲುವ ಗಾಡಿಯಾದರೆ ಇಲಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಫ್ಯೂಸ್ ಮೇಲೆ ಫ್ಯೂಸ್ ಸುಡುವ ಬದಲು ಹೀಗೆ ಮಾಡಿ. ಫಾಗ್ ಲೈಟಿನ ಬಲ್ಬ್‌ಗಳ ಸಾಕೆಟ್ ಕಿತ್ತಿಡಿ. ಫ್ಯೂಸ್ ಜಾಗಕ್ಕೆ ನಿಮ್ಮ 21 ವ್ಯಾಟಿನ ಟೆಸ್ಟ್ ಲ್ಯಾಂಪ್ ಸೇರಿಸಿ ಸ್ವಿಚ್ ಹಾಕಿ. ಶಾರ್ಟ್ ಇದ್ದರೆ ಲ್ಯಾಂಪ್ ಜೋರಾಗಿ ಉರಿಯುತ್ತದೆ, ವೈರಿಗೆ ಅಪಾಯವಿಲ್ಲ. ಈಗ ವೈರನ್ನು ಒಂದು ಕಡೆಯಿಂದ ಅಲ್ಲಾಡಿಸುತ್ತಾ ಬನ್ನಿ. ಲ್ಯಾಂಪ್ ಆರಿದ ಜಾಗದಲ್ಲಿ ಕೈ ನಿಲ್ಲಿಸಿ. ಅಲ್ಲೇ ಇದೆ.

15 ಹೋಯಿತು ಅಂತ 30 ಹಾಕುವುದು, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು ಮಾಡಿದರೆ ಮುಂದಿನ ಸಲ ಫ್ಯೂಸ್ ಬದಲು ವೈರು ಸುಡುತ್ತದೆ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ಒಂದು ಮೀಟರ್ ದೂರದಲ್ಲಿಟ್ಟರೆ ಅಷ್ಟುದ್ದದ ವೈರಿಗೆ ಕಾವಲೇ ಇಲ್ಲ.

ಎಲ್‌ಇಡಿ ಹಾಕಿಸಿದವರ ತಕರಾರು

ಒಂದು ಕಡೆ ಹತ್ತುವುದೇ ಇಲ್ಲ: ಪ್ಲಸ್ ಮೈನಸ್ ಅದಲುಬದಲಾಗಿರಬಹುದು, ಸಾಕೆಟ್ ತಿರುಗಿಸಿ ಹಾಕಿ. ಮಿಣುಗುಟ್ಟುತ್ತದೆ, ಬಲ್ಬ್ ಹೋಗಿದೆ ಅಂತ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ಬರುತ್ತದೆ: ಎಲ್‌ಇಡಿ ಕಡಿಮೆ ಕರೆಂಟ್ ಎಳೆಯುವುದರಿಂದ ಗಾಡಿಯ ಕಂಪ್ಯೂಟರ್ ಬಲ್ಬೇ ಇಲ್ಲ ಅಂದುಕೊಳ್ಳುತ್ತದೆ. ಬಲ್ಬ್ ಇದೆ ಅಂತ ಕಂಪ್ಯೂಟರನ್ನು ನಂಬಿಸಲು ಕ್ಯಾನ್‌ಬಸ್ ಡಿಕೋಡರ್ ಅಥವಾ ಹೆಚ್ಚು ಕರೆಂಟ್ ಎಳೆಯುವ ಲೋಡ್ ರೆಸಿಸ್ಟರ್ ಕೊಡುತ್ತಾರೆ. ಆ ರೆಸಿಸ್ಟರ್ ಸುಡುವಷ್ಟು ಕಾಯುತ್ತದೆ, ತಗಡಿಗೆ ಸ್ಕ್ರೂ ಮಾಡಬೇಕು, ಪ್ಲಾಸ್ಟಿಕ್ಕಿಗೆ ಟೇಪ್ ಸುತ್ತಿ ಬಿಡಬಾರದು. ಹತ್ತಿಸಿದಾಗ ಜೋರು, ಹತ್ತು ನಿಮಿಷಕ್ಕೆ ಮಂಕು ಅಂದರೆ ಹಿಂದಿನ ಫ್ಯಾನಿಗೆ ಗಾಳಿಯಿಲ್ಲ, ರಬ್ಬರ್ ಮುಚ್ಚಳದೊಳಗೆ ಉಸಿರುಗಟ್ಟಿದೆ. ಲೈಟ್ ಹಾಕಿದಾಗ ಎಫ್ಎಂ ಕರಕರ ಅಂದರೆ ಎಲ್‌ಇಡಿ ಡ್ರೈವರಿನ ಗದ್ದಲ. ಅದರ ವೈರಿಗೆ ಆ ಗದ್ದಲ ತಡೆಯುವ ಫೆರೈಟ್ ಉಂಗುರ ಹಾಕಿ, ಆಂಟೆನಾ ಕೇಬಲ್‌ನಿಂದ ದೂರ ಎಳೆಯಿರಿ.

ಎದುರಿನವರು ಬೈಯುತ್ತಾರೆ, ನಮಗೂ ರಸ್ತೆ ಕಾಣುವುದಿಲ್ಲ

ವೈರಿಂಗ್ ಎಲ್ಲ ಸರಿಯಿದ್ದೂ ಇದು ಬಂದರೆ ತಕರಾರು ಬೆಳಕು ಬೀಳುವ ಜಾಗದ್ದು. ಎಚ್4 ಹ್ಯಾಲೊಜೆನ್ ಬಲ್ಬನ್ನು ಹತ್ತಿರದಿಂದ ನೋಡಿ. ಡಿಮ್ ಫಿಲಮೆಂಟಿನ ಕೆಳಗೆ ಸಣ್ಣ ಚಮಚದಂಥ ತಗಡಿದೆ. ಬೆಳಕು ರಿಫ್ಲೆಕ್ಟರಿನ ಕೆಳಭಾಗಕ್ಕೆ ಬಡಿದು ಮೇಲಕ್ಕೆ ಏಳದಂತೆ ತಡೆಯುವುದು ಅದೇ. ಆ ಮರೆ ಇಲ್ಲದ ಎಲ್‌ಇಡಿ ಹಾಕಿದರೆ ಡಿಮ್ ಕೂಡ ಬ್ರೈಟ್ ಥರವೇ. ಮರೆ ಇದ್ದರೂ ಬಲ್ಬ್ ಓರೆಯಾಗಿ ಕೂತರೆ ಕೆಟ್ಟಿತು. ಎಲ್‌ಇಡಿ ಚಿಪ್‌ಗಳು ಎಡಕ್ಕೆ ಬಲಕ್ಕೆ ಮುಖ ಮಾಡಿರಬೇಕು, ಮೇಲೆ ಕೆಳಗೆ ಅಲ್ಲ.

ಆನ್‌ಲೈನಿನಲ್ಲಿ ತರಿಸಿದ ಪೂರ್ತಿ ಹೆಡ್‌ಲೈಟ್ ಅಥವಾ ಪ್ರೊಜೆಕ್ಟರ್ ಆದರೆ ಇನ್ನೊಂದು ಪರೀಕ್ಷೆ. ಗೋಡೆಯ ಮೇಲೆ ಡಿಮ್ ಬೆಳಕು ನೋಡಿ. ನಾವು ರಸ್ತೆಯ ಎಡಕ್ಕೆ ಓಡಿಸುವವರು, ಹಾಗಾಗಿ ಬೆಳಕಿನ ಗೆರೆ ಎಡಗಡೆಗೆ ಮೇಲೇರಬೇಕು, ಪಾದಚಾರಿ ಕಾಣಲಿ ಅಂತ. ಬಲಗಡೆಗೆ ಏರುತ್ತಿದ್ದರೆ ಅದು ಬಲಕ್ಕೆ ಓಡಿಸುವ ದೇಶಗಳಿಗೆ ಮಾಡಿದ್ದು, ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಸ್ಕ್ರೂ ತಿರುಗಿಸಿ ಸರಿಮಾಡಲು ಆಗದು, ವಾಪಸ್ ಕಳಿಸಿ.

ಎತ್ತರ ಹೊಂದಿಸಲು ಸಮತಟ್ಟು ಜಾಗ, 10 ಮೀಟರ್ ದೂರಕ್ಕೆ ಗೋಡೆ. ಚಕ್ರಗಳಲ್ಲಿ ಸರಿಯಾದ ಗಾಳಿ, ಡ್ರೈವರ್ ಸೀಟಿನಲ್ಲಿ ಒಬ್ಬರು, ಹೆಡ್‌ಲೈಟಿನ ಎತ್ತರ ಬದಲಿಸುವ ಲೆವೆಲ್ ಗುಂಡಿ ಸೊನ್ನೆಯಲ್ಲಿ. ಬಲ್ಬಿನ ಎತ್ತರವನ್ನು ಗೋಡೆಯಲ್ಲಿ ಗುರುತು ಮಾಡಿ. ಡಿಮ್ ಗೆರೆ ಅದಕ್ಕಿಂತ 10 ಸೆಂಟಿಮೀಟರ್ ಕೆಳಗೆ, ಫಾಗ್ ಲೈಟಿನ ಗೆರೆ ಅದರ ಬಲ್ಬಿಗಿಂತ 20 ಸೆಂಟಿಮೀಟರ್ ಕೆಳಗೆ ಬೀಳಲಿ. ಹೆಡ್‌ಲೈಟಿನ ಹತ್ತಿರ ಬಾಡಿ ಮೇಲೆ ಶೇಕಡಾ ಲೆಕ್ಕದ ಸ್ಟಿಕ್ಕರ್ ಇದ್ದರೆ ಅದನ್ನೇ ಅನುಸರಿಸಿ. 1% ಅಂದರೆ 10 ಮೀಟರಿಗೆ 10 ಸೆಂಟಿಮೀಟರ್. ಮಂಜಿನಲ್ಲಿ ಬ್ರೈಟ್ ಹಾಕಿದರೆ ಮುಂದೆ ಬಿಳಿ ಪರದೆ ಎದ್ದ ಹಾಗಾಗುತ್ತದಲ್ಲ, ಫಾಗ್ ಲೈಟ್ ಮೇಲಕ್ಕೆ ನೋಡುತ್ತಿದ್ದರೂ ಅದೇ ಗತಿ. ಅದರ ಕೆಲಸ ಅಗಲವಾಗಿ, ನೆಲಕ್ಕಂಟಿ ಬೀಳುವುದು.

ದಂಡದ ಮಾತೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಲೈಟಿನ ಮುಂದೆ 8 ಮೀಟರ್ ದೂರದಲ್ಲಿ, 1.5 ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಅದು ಕುಕ್ಕಬಾರದು. 2024ರಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ ಕೇಸು ಹಾಕಲು ಹೊರಟಾಗ ಎಷ್ಟೋ ಜನ ಸಂಭ್ರಮಪಟ್ಟರು, ನಾನೂ ಒಬ್ಬ.

ನೀರು

ಮಳೆಯಲ್ಲಿ ಓಡಿ ಬಂದ ಮೇಲೆ ಗಾಜಿನೊಳಗೆ ತೆಳು ಆವಿ ಕಟ್ಟಿ, ಲೈಟ್ ಉರಿಸಿದ ಸ್ವಲ್ಪ ಹೊತ್ತಿಗೆ ಹೋದರೆ ಚಿಂತೆಯಿಲ್ಲ. ಕೆಳಗೆ ನೀರು ನಿಂತಿದ್ದರೆ ಹಿಂದಿನ ರಬ್ಬರ್ ಮುಚ್ಚಳ ಸರಿಯಾಗಿ ಕೂತಿಲ್ಲ, ಅಥವಾ ಬಲ್ಬ್ ಅದರ ಜಾಗದ್ದಲ್ಲ. ಫಾಗ್ ಲೈಟಿನಲ್ಲಿ ಎಚ್8, ಎಚ್11, ಎಚ್16 ನೋಡಲು ಒಂದೇ ಥರ, ಆದರೆ ಕ್ರಮವಾಗಿ 35, 55, 19 ವ್ಯಾಟ್. ಅದಲುಬದಲಾಗದಿರಲಿ ಅಂತಲೇ ಬಲ್ಬಿನ ಬುಡದ ಕಿವಿಗಳನ್ನು ಬೇರೆ ಬೇರೆ ಮಾಡಿರುತ್ತಾರೆ. ಕಿವಿ ಅರೆದು 19ರ ಜಾಗಕ್ಕೆ 55 ತುರುಕಿದ ಗಾಡಿ ನೋಡಿದ್ದೇನೆ. ಒಳಗಿನ ಪ್ಲಾಸ್ಟಿಕ್ ಕರಗಿ ಮೇಣದ ಹಾಗೆ ಇಳಿದಿತ್ತು.

ನಾಲ್ಕು ದಿನ ನಿಲ್ಲಿಸಿದರೆ ಬ್ಯಾಟರಿ ಡೌನ್

ಗೆಳೆಯನೊಬ್ಬನ ಗಾಡಿ ಹೀಗೆ ಎರಡು ಸಲ ತಳ್ಳಿಸಿಕೊಂಡಿತು. ಬ್ಯಾಟರಿ ಹೊಸದು. ಇಗ್ನಿಷನ್ ಆಫ್ ಮಾಡಿ, ಬಾಗಿಲು ಲಾಕ್ ಮಾಡಿ, ಇಪ್ಪತ್ತು ನಿಮಿಷ ಬಿಟ್ಟು, ಬ್ಯಾಟರಿ ಮೈನಸ್ ಮತ್ತು ಅದರ ಕೇಬಲ್ ನಡುವೆ ಮೀಟರನ್ನು 10 ಆಂಪಿಯರ್‌ಗೆ ಇಟ್ಟು ಸೇರಿಸಿದೆವು. ಮೀಟರ್ ಹಾಗೆ ಸೇರಿಸಿದ್ದಾಗ ಗಾಡಿ ಸ್ಟಾರ್ಟ್ ಮಾಡಲು ಹೋಗಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. 0.05 ಆಂಪಿಯರ್ ಒಳಗೆ ಇರಬೇಕಾದ್ದು 0.18 ತೋರಿಸಿತು. ಫ್ಯೂಸ್ ಒಂದೊಂದೇ ಕಿತ್ತೆವು, ಇಳಿಯಲಿಲ್ಲ. ಹೊಸ ಕಿಟ್ಟಿನ ರಿಲೇ ಕಿತ್ತ ಕೂಡಲೇ 0.03ಕ್ಕೆ ಬಂತು.

ಆದದ್ದು ಇಷ್ಟು. ಫಾಗ್ ಲೈಟಿನ ಫ್ಯೂಸ್ ಯಾವಾಗಲೋ ಹೋಗಿತ್ತು. ಹತ್ತುತ್ತಾ ನೋಡೋಣ ಅಂತ ಒತ್ತಿದ ಸ್ವಿಚ್ ಆನ್ ಆಗಿಯೇ ಉಳಿದಿತ್ತು. ಲೈಟ್ ಉರಿಯದ್ದರಿಂದ ಯಾರ ಗಮನಕ್ಕೂ ಬರಲಿಲ್ಲ, ಆದರೆ ರಿಲೇಯ ಕಾಯಿಲ್ ಹಗಲೂ ರಾತ್ರಿ 0.15 ಆಂಪಿಯರ್ ಕುಡಿಯುತ್ತಿತ್ತು. ದಿನಕ್ಕೆ 3.6 ಆಂಪಿಯರ್ ಅವರ್. ಗಾಡಿ ತಾನಾಗಿ ಎಳೆಯುವುದನ್ನೂ ಸೇರಿಸಿದರೆ 35 ಆಂಪಿಯರ್ ಅವರ್ ಬ್ಯಾಟರಿ ನಾಲ್ಕೈದು ದಿನಕ್ಕೆ ಅರ್ಧ ಖಾಲಿ. ಸ್ವಿಚ್ಚಿಗೆ ಬರುವ ಕರೆಂಟನ್ನು ಬ್ಯಾಟರಿಯಿಂದ ನೇರವಾಗಿ ಕೊಟ್ಟದ್ದೇ ತಪ್ಪು. ಅದನ್ನು ಕಿತ್ತು ಪಾರ್ಕಿಂಗ್ ಲೈಟಿನ ವೈರಿಗೆ ಸೇರಿಸಿದೆವು. ಈಗ ಅವನು ಫಾಗ್ ಸ್ವಿಚ್ ಮರೆತು ಇಳಿದರೂ ಪಾರ್ಕಿಂಗ್ ಲೈಟ್ ಆಫ್ ಮಾಡಿದ ಕೂಡಲೇ ರಿಲೇ ಟಕ್ ಅಂತ ಬಿಡುತ್ತದೆ. ಮರೆಯುವುದೇನೋ ಅವನು ಇನ್ನೂ ಬಿಟ್ಟಿಲ್ಲ.